ಕಾರಿನ ಬೀಗದ ಕೈ ಯಾರ ಕೈಗೆ?



ನಮ್ಮ ಕಡೆ ನಾಲ್ಕು ಜನ ಹಿರಿಯರು ಮದುವೆ ಮನೆಯ ಚಪ್ಪರದಡಿ ಕೂತರೆ ಮಾತು ಮೊದಲು ಮಳೆಗೆ, ಆಮೇಲೆ ಶೇಂಗಾ ಧಾರಣೆಗೆ, ಅದಾದ ಮೇಲೆ ಯಾರ ಮನೆಯ ಸಂಬಂಧ ಎಲ್ಲಿ ಕೂಡಿತು ಎಂಬುದಕ್ಕೆ ಹೋಗುವುದು ವಾಡಿಕೆ. ಇತ್ತೀಚೆಗೆ ಇನ್ನೊಂದು ವಿಷಯ ಸೇರಿಕೊಂಡಿದೆ. “ನೀವು ಕಾರು ಕಲಿತದ್ದು ಯಾವ ಗಾಡಿಯಲ್ಲಿ?” ಎಂದು ಒಬ್ಬರು ಕೇಳಿದರೆ ಸಾಕು, ಎಪ್ಪತ್ತು ದಾಟಿದವರ ಮುಖವೂ ಅರಳುತ್ತದೆ. ಒಬ್ಬರು ಅಂಬಾಸಿಡರ್ ಎನ್ನುತ್ತಾರೆ, ಇನ್ನೊಬ್ಬರು ಫಿಯೆಟ್ ಎನ್ನುತ್ತಾರೆ, ಮತ್ತೊಬ್ಬರು ಮಾವನ ಮನೆಯ ಜೀಪು ಎನ್ನುತ್ತಾರೆ. ಒಂದನೇ ಇಯತ್ತೆಯ ಮೇಷ್ಟರ ಹೆಸರು ಮರೆತವರಿಗೂ ಮೊದಲು ಹಿಡಿದ ಸ್ಟೇರಿಂಗ್ ಯಾವ ಗಾಡಿಯದು ಎಂಬುದು ಮರೆತಿರುವುದಿಲ್ಲ.

ಈ ತಿಂಗಳು ರಾಯದುರ್ಗ, ಮಡಕಶಿರ ಸೀಮೆಯ ಅಂಥ ನೆನಪುಗಳನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಹಳೆಯದನ್ನು ನೆನೆಯುವುದರಲ್ಲಿ ಸುಖವಿದೆ, ಸಂಶಯವಿಲ್ಲ. ಆದರೆ ಈ ನೆನಪುಗಳೊಳಗೆ ನಮ್ಮ ಮನೆಗಳು ಇಂದಿಗೂ ತೀರ್ಮಾನಿಸಬೇಕಾದ ಒಂದು ಮಾತು ಅಡಗಿದೆ. ಅದನ್ನು ಹೇಳುವುದಕ್ಕಾಗಿಯೇ ಈ ಪೀಠಿಕೆ.

ಗಡಿಯ ಊರು, ವ್ಯಾಪಾರದ ದಾರಿ

ರಾಯದುರ್ಗ ತಾಲ್ಲೂಕು ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿನ ಕಡೆಗೆ ಬಂತು, ಆದವಾನಿ, ಆಲೂರುಗಳ ಜೊತೆಗೆ ರಾಯದುರ್ಗ ಆಂಧ್ರಕ್ಕೆ ಹೋಯಿತು. ಮಡಕಶಿರ ಅನಂತಪುರ ಜಿಲ್ಲೆಯಲ್ಲಿದ್ದು, 2022ರ ಏಪ್ರಿಲ್ 4ರಿಂದ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು, ವ್ಯಾಪಾರದ ದಾರಿ ಬದಲಾಗಲಿಲ್ಲ. ರಾಯದುರ್ಗದವರು ಬಳ್ಳಾರಿಗೂ ಮೊಳಕಾಲ್ಮೂರಿಗೂ ಹೋಗಿಬರುವುದನ್ನು ಬಿಡಲಿಲ್ಲ. ಮಡಕಶಿರದವರು ಶಿರಾ, ಪಾವಗಡ, ತುಮಕೂರುಗಳನ್ನು ಬಿಡಲಿಲ್ಲ. ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು, ಅಂಗಡಿಯಲ್ಲಿ ಗಿರಾಕಿ ಯಾವುದು ಆಡಿದರೆ ಅದು.

ರಾಯದುರ್ಗಕ್ಕೆ ಬಳ್ಳಾರಿಯಿಂದ ರೈಲಾದರೂ ಇತ್ತು. ಮಡಕಶಿರದವರು ರೈಲು ಹತ್ತಬೇಕಾದರೆ ಹಿಂದೂಪುರಕ್ಕೇ ಹೋಗಬೇಕಿತ್ತು. ಬಸ್ಸು ಹೊತ್ತಿಗೆ ಬಂದರೆ ಪುಣ್ಯ. ಸಂತೆಯಿಂದ ಸಂತೆಗೆ ಬಟ್ಟೆಯ ಗಂಟು ಸಾಗಿಸುವವರಿಗೆ, ಬಾಕಿ ವಸೂಲಿಗೆ ಹಳ್ಳಿ ತಿರುಗುವವರಿಗೆ, ಮಂಡಿಯ ಸವಾಲಿನ ವೇಳೆಗೆ ಮುಟ್ಟಬೇಕಾದವರಿಗೆ ಸ್ವಂತ ಗಾಡಿ ಒಂದು ಅನುಕೂಲವಾಗಿ ಬಂತು, ಶೋಕಿಗಾಗಿ ಬಂದದ್ದು ಕಡಿಮೆ. ಆ ಗಾಡಿ ಹೆಸರಿಗೆ ಮನೆಯದಾದರೂ ಲೆಕ್ಕದಲ್ಲಿ ಅಂಗಡಿಯದು. ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕದಲ್ಲೇ ಸೀರೆಯ ಗಂಟು ಕೂತಿರುತ್ತಿತ್ತು.

ಕೆರೆಯಂಗಳವೇ ಪಾಠಶಾಲೆ

ಆ ಕಾಲದಲ್ಲಿ ನಮ್ಮಂಥ ಊರುಗಳಲ್ಲಿ ಡ್ರೈವಿಂಗ್ ಶಾಲೆ ಎಲ್ಲಿತ್ತು? ಕಲಿಸುವವರು ಅಂಗಡಿಯ ಡ್ರೈವರು, ಇಲ್ಲವೇ ಮಂಡಿಗೆ ಬರುವ ಲಾರಿಯವರು. ಕಲಿಯುವ ಜಾಗ ಒಣಗಿದ ಕೆರೆಯ ಅಂಗಳ. ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು. ಕೆರೆ ತುಂಬಿದ ವರ್ಷ ಊರಿಗೆ ಹಬ್ಬ, ಕಾರು ಕಲಿಯುವ ಹುಡುಗರಿಗೆ ಮಾತ್ರ ನಷ್ಟ ಎಂದು ಹಿರಿಯರು ಇಂದಿಗೂ ನಗೆಯಾಡುತ್ತಾರೆ.

ಭಾಷೆಯದೂ ಒಂದು ತಮಾಷೆ ಇತ್ತು. ತೆಲುಗಿನಲ್ಲಿ ಎಡಕ್ಕೆ ‘ಎಡಮ’, ಬಲಕ್ಕೆ ‘ಕುಡಿ’. ಎಡಮ ಎಂದರೆ ಕನ್ನಡದ ಹುಡುಗನಿಗೂ ತಿಳಿಯುತ್ತದೆ. ‘ಕುಡಿ, ಕುಡಿ’ ಎಂದು ಡ್ರೈವರು ಕೂಗಿದರೆ? ಬಳ್ಳಾರಿ ಕಡೆಯಿಂದ ರಜೆಗೆ ಬಂದ ಹುಡುಗ ಸ್ಟೇರಿಂಗ್ ಬಿಟ್ಟು ನೀರಿನ ಹೂಜಿಗೆ ಕೈ ಚಾಚಿದನಂತೆ. ನಡೆದದ್ದೋ ಕಟ್ಟಿದ್ದೋ, ಈ ಕಥೆ ಹೇಳದ ಮನೆ ನಮ್ಮ ಗಡಿಯಲ್ಲಿ ಕಡಿಮೆ.

ಮೊದಲ ಸಾಲಿನಲ್ಲಿ ನಿಲ್ಲುವುದು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಾದ ಗಾಡಿ. ಗೇರಿನ ಕಡ್ಡಿ ಸ್ಟೇರಿಂಗಿನ ಕೆಳಗೆ, ಎಡಗೈಗೆ. ಮುಂದಿನ ಸೀಟು ಒಂದೇ ಉದ್ದನೆಯ ಹಾಸು, ಮೂವರು ಕೂರಬಹುದು. ಹಳೆಯ ಮಾದರಿಗಳಲ್ಲಿ ಒಂದನೆಯ ಗೇರಿಗೆ ಸಿಂಕ್ರೊಮೆಷ್ ಇರಲಿಲ್ಲ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಒಂದಕ್ಕೆ ಎಳೆದರೆ ಒಳಗಿನ ಹಲ್ಲುಗಳು ಕರಕರ ಎಂದು ಊರಿಗೆಲ್ಲ ಸಾರುತ್ತಿದ್ದವು. ಚಳಿಗಾಲದ ಬೆಳಗ್ಗೆ ಚೋಕ್ ಎಳೆಯಬೇಕು, ಬ್ಯಾಟರಿ ಸೋತರೆ ಮುಂದೆ ಹೋಗಿ ಹ್ಯಾಂಡಲ್ ತಿರುಗಿಸಬೇಕು. ಎದುರಿನ ಗಾಡಿಗೆ ದೀಪ ತಗ್ಗಿಸಲು ಎಡಗಾಲಿನ ಬಳಿಯ ಗುಂಡಿ ಒತ್ತಬೇಕು. ಪವರ್ ಸ್ಟೇರಿಂಗ್ ಎಂಬ ಮಾತೇ ಇರಲಿಲ್ಲ. ಹದಿನೆಂಟರ ಹುಡುಗನೂ ಹತ್ತು ಸುತ್ತು ಹೊಡೆದರೆ ಸಂಜೆಗೆ ತೋಳು ಎತ್ತಲಾರದಂತಾಗುತ್ತಿದ್ದ.

ಎರಡನೆಯದು ಫಿಯೆಟ್. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಕಟ್ಟುತ್ತಿದ್ದ ಫಿಯೆಟ್ 1100, 1970ರ ದಶಕದ ನಡುವೆ ‘ಪದ್ಮಿನಿ’ ಎಂಬ ಹೆಸರು ಪಡೆಯಿತು. ಅಂಬಾಸಿಡರಿಗಿಂತ ಚಿಕ್ಕದು, ಹಗುರ, ಸಂದಿಯಲ್ಲಿ ತಿರುಗುವುದಕ್ಕೆ ಸಲೀಸು. ಅಂಬಾಸಿಡರ್ ದೊಡ್ಡ ಸಂಸಾರದ ಗಾಡಿ, ಫಿಯೆಟ್ ಡಾಕ್ಟರ ಗಾಡಿ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಹಣ ಕಟ್ಟಿ ವರ್ಷಗಟ್ಟಲೆ ಕಾದರೆ ಹೊಸ ಗಾಡಿ, ಕಾಯಲಾರದವರಿಗೆ ಬೆಂಗಳೂರಿನಿಂದ ತಂದ ಎರಡನೇ ಕೈಯ ಗಾಡಿ.

ಮದರಾಸಿನಲ್ಲಿ 1961ರಿಂದ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಂಡವರು ಕಡಿಮೆ, ಕಂಡವರು ಮರೆತಿಲ್ಲ. ಅದರ ಬಾನೆಟ್ಟು ಎರಡೂ ಮಡ್‌ಗಾರ್ಡುಗಳ ಸಮೇತ ಒಟ್ಟಿಗೆ ಮುಂದಕ್ಕೆ ಬಾಗುತ್ತಿತ್ತು. ಒಳಗಿನ ಎಂಜಿನ್, ಮುಂದಿನ ಚಕ್ರ ಎಲ್ಲವೂ ಬಯಲಿಗೆ. ಯಾವುದು ಕಾರ್ಬುರೇಟರ್, ಯಾವುದು ಡೈನಮೋ ಎಂದು ಬೆರಳಿಟ್ಟು ತೋರಿಸಲು ಅದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಇರಲಿಲ್ಲ. ತೀರ ಚಿಕ್ಕ ಜಾಗದಲ್ಲಿ ಪೂರ್ತಿ ತಿರುಗುವ ಗುಣವೂ ಅದಕ್ಕಿತ್ತು.

ಆಮೇಲೆ ಬಂತು ಮಾರುತಿ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಬೀಗದ ಕೈಯನ್ನು ದೆಹಲಿಯ ಗ್ರಾಹಕರೊಬ್ಬರಿಗೆ ಕೊಟ್ಟರು. ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್, ಗೇರು ಕೆಳಗೆ ಇಬ್ಬರ ನಡುವೆ, ಹತ್ತಿಯಂತೆ ಮೆತ್ತನೆಯ ಕ್ಲಚ್. ಅಂಬಾಸಿಡರಿನಲ್ಲಿ ಪಳಗಿದವರು ಮೊದಮೊದಲು ಇದನ್ನು ಆಟಿಕೆ ಎಂದು ನಕ್ಕರು. ಹತ್ತು ವರ್ಷ ಕಳೆಯುವುದರೊಳಗೆ ನಕ್ಕವರ ಮನೆ ಮುಂದೆಯೇ ಅದು ನಿಂತಿತ್ತು. ಮಾರುತಿ 800 ತಯಾರಿಕೆಯೂ 2014ರ ಜನವರಿಯಲ್ಲಿ ನಿಂತಿತು. ದೇಶದ ಎರಡು ತಲೆಮಾರಿಗೆ ಕಲಿಸಿದ ಇಬ್ಬರು ಮೇಷ್ಟರು ಒಂದೇ ವರ್ಷ ನಿವೃತ್ತರಾದಂತಾಯಿತು.

ನಮ್ಮ ಮನೆಗಳಲ್ಲಿ ಇದರ ಲೆಕ್ಕ ಇಡುವುದಕ್ಕೆ ಒಂದು ಸುಲಭದ ಅಳತೆಗೋಲು ಉಂಟು, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ. “1981ರದಕ್ಕೆ ಅಂಬಾಸಿಡರಿನಲ್ಲಿ ಒಂಬತ್ತು ಜನ ಹೋದೆವು, 1993ರದಕ್ಕೆ ಮಾರುತಿ ವ್ಯಾನು, 2006ಕ್ಕೆ ಎರಡು ಕಾರು, 2018ಕ್ಕೆ ಮಕ್ಕಳು ಬೆಂಗಳೂರಿನಿಂದ ತಮ್ಮ ತಮ್ಮ ಕಾರಿನಲ್ಲೇ ಬಂದರು” ಎಂದು ಹಿರಿಯರು ಬೆರಳು ಮಡಿಸುತ್ತಾರೆ. ಸಂಸಾರ ಒಡೆದು ಚಿಕ್ಕದಾದ ಕಥೆಯೂ ಈ ಲೆಕ್ಕದೊಳಗೇ ಇದೆ.

ಗಲ್ಲಾಪೆಟ್ಟಿಗೆಯ ನ್ಯಾಯ

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆ ಹಳೆಯ ಡ್ರೈವರುಗಳು ಹೇಗೆ ಕಲಿಸುತ್ತಿದ್ದರು? ಸ್ಟೇರಿಂಗ್ ಕೊಡುವುದು ಎಲ್ಲಕ್ಕಿಂತ ಕೊನೆಗೆ. ಮೊದಲ ತಿಂಗಳು ಗಾಡಿ ತೊಳೆಯುವುದು, ರೇಡಿಯೇಟರಿಗೆ ನೀರು, ಎಂಜಿನ್ ಆಯಿಲಿನ ಕಡ್ಡಿ ನೋಡುವುದು, ಟೈರಿನ ಗಾಳಿ. ಎರಡನೇ ತಿಂಗಳು ಎಡಗಡೆ ಸೀಟಿನಲ್ಲಿ ಕೂತು ಸುಮ್ಮನೆ ನೋಡುವುದು. “ಎತ್ತಿನ ಗಾಡಿಯವನು ಹೊರಳಿ ನೋಡಲಿಲ್ಲ ಅಂದರೆ ಅವನಿಗೆ ಕೇಳಿಸಿಲ್ಲ ಅಂತ ಅರ್ಥ, ಸಣ್ಣ ಶೆಟ್ಟರೇ. ರಸ್ತೆಯ ಮೇಲೆ ಹುರುಳಿ ಹರಡಿದ್ದರೆ ಪಕ್ಕಕ್ಕೆ ಇಳಿಸಿ. ಬಳ್ಳಿ ಆಕ್ಸಲಿಗೆ ಸುತ್ತಿಕೊಂಡು ಸೈಲೆನ್ಸರಿನ ಕಾವಿಗೆ ಹೊತ್ತಿಕೊಳ್ಳುತ್ತೆ.” ಇಂಥ ಪಾಠ ಯಾವ ಪುಸ್ತಕದಲ್ಲಿದೆ? ಇಷ್ಟೆಲ್ಲ ಆದ ಮೇಲೆ ಕೆರೆಯಂಗಳದಲ್ಲಿ ಒಂದನೇ ಗೇರು.

ಇದು ನಮಗೆ ಹೊಸದಲ್ಲ. ಅಂಗಡಿಯಲ್ಲೂ ಹುಡುಗನನ್ನು ಹೀಗೆಯೇ ತಯಾರು ಮಾಡುತ್ತಿದ್ದೆವಲ್ಲವೇ? ಮೊದಲು ಬಾಗಿಲು ಗುಡಿಸುವುದು, ಆಮೇಲೆ ಪೊಟ್ಟಣ ಕಟ್ಟುವುದು, ಆಮೇಲೆ ತಕ್ಕಡಿ, ಆಮೇಲೆ ಕಿರ್ದಿ ಪುಸ್ತಕ. ಗಲ್ಲಾಪೆಟ್ಟಿಗೆಯ ಬೀಗದ ಕೈ ಕೊನೆಗೆ. ಯಾರೂ ಹದಿನಾಲ್ಕು ವರ್ಷದ ಮಗನ ಕೈಗೆ ಗಲ್ಲಾ ಕೊಟ್ಟು ಊರಿಗೆ ಹೋಗುವುದಿಲ್ಲ. ಲೆಕ್ಕ ಬರುವವರಿಗೆ, ನಂಬಿಕೆಗೆ ಯೋಗ್ಯರಾದವರಿಗೆ ಗಲ್ಲಾ. ಇದು ವ್ಯಾಪಾರಸ್ಥರ ನ್ಯಾಯ.

ಕಾರಿನ ಬೀಗದ ಕೈ ವಿಷಯದಲ್ಲಿ ಮಾತ್ರ ನಾವು ಈ ನ್ಯಾಯವನ್ನು ಎರಡು ಬಗೆಯಲ್ಲಿ ಮರೆತಿದ್ದೇವೆ. ಯೋಗ್ಯತೆ ಬರುವ ಮೊದಲೇ ಗಂಡುಮಕ್ಕಳಿಗೆ ಕೊಡುತ್ತೇವೆ. ಯೋಗ್ಯತೆ ಇದ್ದರೂ ಹೆಣ್ಣುಮಕ್ಕಳಿಗೆ, ಸೊಸೆಯಂದಿರಿಗೆ ಕೊಡುವುದಿಲ್ಲ.

ಹೆಣ್ಣುಮಕ್ಕಳ ಮಾತು ಮೊದಲು. ಮಡಕಶಿರದ ಕಡೆ ನಮ್ಮ ಸೋದರತ್ತೆಯೊಬ್ಬರಿದ್ದರು. ಯಜಮಾನರು ತಿಂಗಳಿಗೆ ಎರಡು ಸಲ ಖರೀದಿಗೆಂದು ಬೆಂಗಳೂರಿನ ಚಿಕ್ಕಪೇಟೆಗೆ ರೈಲಿನಲ್ಲಿ ಹೋಗುತ್ತಿದ್ದರು, ಫಿಯೆಟ್ ಮನೆಯಲ್ಲೇ ಇರುತ್ತಿತ್ತು. 1980ರ ದಶಕದ ಕೊನೆಯ ಒಂದು ರಾತ್ರಿ ಎರಡು ಗಂಟೆಗೆ ಅತ್ತೆಯ ಅತ್ತೆಗೆ ಮಾತು ತೊದಲಿತು, ಎಡಗೈ ಜೋತುಬಿತ್ತು. ಕಾರು ಹಟ್ಟಿಯ ಬಾಗಿಲಲ್ಲಿದೆ, ಬೀಗದ ಕೈ ಗೋಡೆಯ ಮೊಳೆಯಲ್ಲಿದೆ, ಓಡಿಸುವವರಿಲ್ಲ. ಡ್ರೈವರು ಪಕ್ಕದ ಹಳ್ಳಿಯವನು, ಬೆಳಗಾದ ಮೇಲೆ ಬಂದ. ಹಿಂದೂಪುರದ ಆಸ್ಪತ್ರೆ ಮುಟ್ಟುವಾಗ ಒಂಬತ್ತು ಗಂಟೆ. ಹಿರಿಯಮ್ಮ ಬದುಕಿದರು, ಆದರೆ ಆ ಕೈ ಮತ್ತೆ ಸ್ವಾಧೀನಕ್ಕೆ ಬರಲಿಲ್ಲ.

ಮರುವಾರವೇ ಅತ್ತೆ ಕಾರು ಕಲಿಯುತ್ತೇನೆಂದು ಹಠ ಹಿಡಿದರು. ಮನೆಯ ಹಿರಿಯ ಭಾವನವರು ಒಪ್ಪಲಿಲ್ಲ. “ಹೆಂಗಸರು ಗಾಡಿ ಓಡಿಸಿದರೆ ನಾಲ್ಕು ಜನ ಏನಂದಾರು?” ಎಂದರು. ಅತ್ತೆ ಸೆರಗು ಸರಿಮಾಡಿಕೊಂಡು ಬಾಗಿಲ ಹಿಂದಿನಿಂದಲೇ ಹೇಳಿದರಂತೆ: “ಆ ನಾಲ್ಕು ಜನ ರಾತ್ರಿ ಎರಡು ಗಂಟೆಗೆ ಬಂದು ಅತ್ತೆಯವರನ್ನು ಆಸ್ಪತ್ರೆಗೆ ಕರಕೊಂಡು ಹೋಗ್ತಾರೇನು ಭಾವನವರೇ?” ಭಾವನವರು ಅಂದು ಏನೂ ಹೇಳಲಿಲ್ಲ. ಮೂರು ದಿನ ಬಿಟ್ಟು ಡ್ರೈವರನ್ನು ತಾವೇ ಕರೆದು, “ಅಮ್ಮನವರಿಗೆ ನಿಧಾನವಾಗಿ ಕಲಿಸಪ್ಪ” ಎಂದರು.

ಆ ಗಾಡಿಗೆ ಪದ್ಮಿನಿ ಎಂದು ರಾಣಿಯೊಬ್ಬಳ ಹೆಸರು. ಎಷ್ಟು ಮನೆಗಳ ಮುಂದೆ ಆ ಹೆಸರಿನ ಗಾಡಿ ನಿಂತಿತ್ತು! ಮನೆಯೊಡತಿಗೆ ಅದರ ಬೀಗದ ಕೈ ಸಿಕ್ಕ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಈಗ 108 ಇದೆಯಲ್ಲ ಎಂದು ಕೆಲವರು ಹೇಳಬಹುದು. 2005ರಲ್ಲಿ ಆಂಧ್ರದಲ್ಲಿ ಆರಂಭವಾದ ಆ ಸೇವೆ ಸಾವಿರಾರು ಜೀವ ಉಳಿಸಿದೆ, ತುರ್ತಿನಲ್ಲಿ ಮೊದಲು ಕರೆಯಬೇಕಾದದ್ದೂ ಅದನ್ನೇ. ಆದರೆ ಪಾರ್ಶ್ವವಾಯುವಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಎಂದು ಇಂದು ಡಾಕ್ಟರುಗಳು ಹೇಳುತ್ತಾರೆ. ಹಳ್ಳಿಯ ಮೂಲೆಗೆ ಗಾಡಿ ಬರುವುದು ತಡವಾದರೆ ಮನೆಯಲ್ಲಿ ಓಡಿಸಲು ಬರುವ ಇನ್ನೊಬ್ಬರಿರುವುದು ಎಷ್ಟು ದೊಡ್ಡ ಧೈರ್ಯ! ಇಂದು ನಮ್ಮ ಸೊಸೆಯಂದಿರು ಅಂಗಡಿಯ ಜಿ.ಎಸ್.ಟಿ. ಲೆಕ್ಕ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದಾರೆ. ಗಲ್ಲಾ ಒಪ್ಪಿಸಿದ ಕೈಗೆ ಕಾರಿನ ಬೀಗದ ಕೈ ಒಪ್ಪಿಸಲು ಹಿಂಜರಿಕೆ ಏಕೆ?

ಹದಿನೆಂಟರ ಗೆರೆ

ಇನ್ನು ಗಂಡುಮಕ್ಕಳ ಮಾತು. “ನಾವೆಲ್ಲ ಹದಿನಾಲ್ಕಕ್ಕೇ ಓಡಿಸುತ್ತಿದ್ದೆವು” ಎಂದು ಮೊಮ್ಮಕ್ಕಳೆದುರು ಹೆಮ್ಮೆಪಡುವ ಅಜ್ಜಂದಿರು ನಮ್ಮಲ್ಲಿದ್ದಾರೆ. ಕಾನೂನು ಆಗಲೂ ಹದಿನೆಂಟೇ. 1939ರ ಮೋಟಾರು ವಾಹನ ಕಾಯ್ದೆಯಲ್ಲೂ ಅದೇ ಇತ್ತು, 1988ರ ಕಾಯ್ದೆಯಲ್ಲೂ ಅದೇ ಇದೆ. ಅಂದು ರಾಯದುರ್ಗದಿಂದ ಕಲ್ಯಾಣದುರ್ಗದವರೆಗೆ ಹೋದರೂ ಎದುರಿಗೆ ಬರುವ ಗಾಡಿಗಳನ್ನು ಎಣಿಸಬಹುದಿತ್ತು, ನಮ್ಮ ಗಾಡಿಯೂ ನಲವತ್ತರ ಮೇಲೆ ಓಡುತ್ತಿದ್ದುದು ಅಪರೂಪ. ಇಂದಿನ ರಸ್ತೆ ಬೇರೆ, ಇಂದಿನ ವೇಗ ಬೇರೆ.

ವ್ಯಾಪಾರಸ್ಥರಿಗೆ ತಿಳಿಯುವ ಭಾಷೆಯಲ್ಲೇ ಹೇಳುತ್ತೇನೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ತಪ್ಪು ಮಾಡಿದರೆ ಹೊಣೆ ಪೋಷಕರದು, ಗಾಡಿಯ ಮಾಲೀಕರದು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ತಮಗೆ ತಿಳಿಯದೆ ನಡೆಯಿತು ಎಂದು ತೋರಿಸಿಕೊಡುವ ಭಾರವೂ ದೊಡ್ಡವರ ಮೇಲೆಯೇ. ಇದರ ಮೇಲೆ ವಿಮೆಯ ಲೆಕ್ಕ ಬೇರೆ. ಲೈಸೆನ್ಸ್ ಇಲ್ಲದವನ ಕೈಗೆ ಮಾಲೀಕನೇ ಗಾಡಿ ಕೊಟ್ಟಿದ್ದರೆ, ವಿಮಾ ಕಂಪನಿ ನೊಂದವರಿಗೆ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕನಿಂದ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟ್ 2004ರಲ್ಲೇ ತಿಳಿಸಿದೆ. ಮೂರು ತಲೆಮಾರು ಕಟ್ಟಿದ ಅಂಗಡಿ ಒಂದು ಸಂಜೆಯ ಹುಡುಗಾಟಕ್ಕೆ ಅಡವಾಗಬಹುದು. ಹೋದ ಜೀವಕ್ಕೆ ಯಾವ ಕಿರ್ದಿಯಲ್ಲೂ ಜಮಾ ಇಲ್ಲ.

ನಮ್ಮವರೇ ಆದ ದಾರಿಹೋಕರನ್ನೂ ಇಲ್ಲಿ ನೆನೆಯಬೇಕು. ಮುನಿಗಳು, ಆರ್ಯಿಕೆಯರು ವಾಹನ ಹತ್ತುವುದಿಲ್ಲ. ಅವರ ವಿಹಾರ ಕಾಲ್ನಡಿಗೆಯಲ್ಲಿ, ಬಹುಪಾಲು ಬೆಳಗಿನ ಹೊತ್ತು, ಇದೇ ರಸ್ತೆಗಳ ಅಂಚಿನಲ್ಲಿ. ಜೊತೆಗೆ ಕಮಂಡಲು ಹಿಡಿದ ಶ್ರಾವಕರು. ಈರ್ಯಾಸಮಿತಿ ಎಂದರೆ ಮುಂದಿನ ನಾಲ್ಕು ಮೊಳ ನೆಲ ನೋಡಿ ಹೆಜ್ಜೆ ಇಡುವುದು ಎಂದು ಪಾಠಶಾಲೆಯಲ್ಲಿ ಓದಿದ್ದೇವೆ. ನಡೆಯುವವರಿಗೆ ನಾಲ್ಕು ಮೊಳ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ದಾಟುತ್ತದೆ. ಮೊಬೈಲಿನತ್ತ ಎರಡು ಸೆಕೆಂಡು ಕಣ್ಣು ಹಾಯಿಸಿದರೆ ಕಣ್ಣು ಮುಚ್ಚಿ 33 ಮೀಟರ್ ಓಡಿಸಿದಂತೆ. ಅಷ್ಟು ದೂರದೊಳಗೆ ಒಬ್ಬ ಮುನಿಗಳಿರಬಹುದು, ಶಾಲೆಗೆ ಹೊರಟ ಮಗುವಿರಬಹುದು, ಕರುವಿರಬಹುದು.

ಮಾಡಬೇಕಾದದ್ದು

ಹಾಗಾದರೆ ಏನು ಮಾಡೋಣ? ಕಷ್ಟದ್ದೇನೂ ಇಲ್ಲ. ಮನೆಯಲ್ಲಿ ಹದಿನೆಂಟು ತುಂಬಿದವರೆಲ್ಲರಿಗೂ, ಗಂಡಾಗಲಿ ಹೆಣ್ಣಾಗಲಿ, ಕಲಿಕಾ ಲೈಸೆನ್ಸ್ ಮಾಡಿಸಿ. ಅರ್ಜಿಯನ್ನು ಈಗ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ತುಂಬಬಹುದು. ಅದರ ಅವಧಿ ಆರು ತಿಂಗಳು. ಕನಿಷ್ಠ 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಗಾಡಿಯ ಹಿಂದೆ ಮುಂದೆ ಬಿಳಿಯ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರ, ಪಕ್ಕದಲ್ಲಿ ಲೈಸೆನ್ಸ್ ಇರುವವರು ಕಡ್ಡಾಯ.

ಸಾಧ್ಯವಾದರೆ ಡ್ರೈವಿಂಗ್ ಶಾಲೆಗೇ ಸೇರಿಸಿ. ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಬ್ರೇಕು, ಕ್ಲಚ್ಚು ಇರಬೇಕೆಂಬುದು ನಿಯಮ. ಕಾರಿಗೆ ಕನಿಷ್ಠ 21 ದಿನಗಳ ತರಬೇತಿ, ಅದರಲ್ಲಿ ಹತ್ತು ಗಂಟೆಗೆ ಕಡಿಮೆಯಾಗದಂತೆ ಓಡಿಸುವ ಅಭ್ಯಾಸ ಕೊಡಬೇಕು. ದುಡ್ಡು ಕೊಟ್ಟಿದ್ದೀರಿ, ಹತ್ತು ಗಂಟೆಯನ್ನು ಎಣಿಸಿ ತೆಗೆದುಕೊಳ್ಳಿ. ತೂಕದಲ್ಲಿ ಕಡಿಮೆ ಕೊಟ್ಟರೆ ನಮ್ಮ ಗಿರಾಕಿ ಸುಮ್ಮನಿರುತ್ತಾನೆಯೇ?

ಹದಿನೆಂಟು ತುಂಬದ ಮಗ ಬೀಗದ ಕೈ ಕೇಳಿದರೆ ಬೈಯಬೇಡಿ. ಆಸೆ ಸಹಜ. ಹಳೆಯ ಡ್ರೈವರ ಪಾಠದ ಮೊದಲರ್ಧವನ್ನು ಅವನಿಗೆ ಕೊಡಿ. ಟೈರಿನ ಗಾಳಿ ನೋಡಲಿ, ಸ್ಟೆಪ್ನಿ ಬದಲಿಸಲಿ, ಎಡಗಡೆ ಕೂತು ರಸ್ತೆ ಓದಲಿ. ಅಕ್ಕನಿಗೂ ಅದೇ ಪಾಠ ಕೊಡಿ. ಸ್ಟೇರಿಂಗ್ ತನ್ನ ವೇಳೆಗೆ ತಾನೇ ಕೈಗೆ ಬರುತ್ತದೆ.

ಒಂದು ಮನೆಗೆಲಸ ಕೊಟ್ಟು ಮುಗಿಸುತ್ತೇನೆ. ಈ ಸಂಚಿಕೆ ಓದಿದ ಸಂಜೆ ಮನೆಯ ಕಾರಿನ ಎರಡನೇ ಬೀಗದ ಕೈ ಎಲ್ಲಿದೆ ಎಂದು ಹುಡುಕಿ. ಬಹುತೇಕ ಅದು ಬೀರುವಿನೊಳಗೆ, ಬಟ್ಟೆಯ ಗಂಟಿನಲ್ಲಿ, ಯಾರೂ ಮುಟ್ಟದೆ ಕೂತಿರುತ್ತದೆ. ಅದು ಯಾರ ಹೆಸರಿಗೆ ಸೇರಬೇಕು ಎಂದು ಊಟಕ್ಕೆ ಕೂತಾಗ ಎಲ್ಲರೂ ಸೇರಿ ಮಾತಾಡಿ. ತೀರ್ಮಾನ ಏನಾಯಿತೆಂದು, ನೀವು ಯಾವ ಗಾಡಿಯಲ್ಲಿ ಕಲಿತಿರಿ ಎಂಬುದನ್ನೂ ಸೇರಿಸಿ, ಒಂದು ಕಾರ್ಡು ಬರೆದು ತಿಳಿಸಿದರೆ ಸಂತೋಷ. ತಾಯಂದಿರ ಕೈಬರಹದ ಕಾರ್ಡುಗಳನ್ನು ಮೊದಲು ಓದುತ್ತೇನೆ.